ಗುರುವಾರದ ಉಸಿರು

ನಮ್ಮೂರಲ್ಲಿ ಉಸಿರು ಕಾಣುತ್ತದೆ. ಚಳಿಗಾಲದ ಮುಂಜಾವದಲ್ಲಿ ಬಾಯಿಂದ ಹಬೆ ಬರುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ನಮ್ಮಲ್ಲಿ ಬೇಸಗೆಯ ನಡುಮಧ್ಯಾಹ್ನವೂ ಹಾಗೆಯೇ. ಅಕ್ಕಿ ತೊಳೆದ ನೀರಿನ ಬಣ್ಣ. ಮೂಗಿನಿಂದ ಹೊರಟದ್ದು ಒಂದು ಮೊಳ ಮುಂದೆ ಹೋಗಿ, ಎದೆಮಟ್ಟಕ್ಕೆ ಇಳಿದು, ಗಾಳಿ ಆಡಿದರೆ ಕರಗುತ್ತದೆ, ಆಡದಿದ್ದರೆ ಅಲ್ಲೇ ತಂಗುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಬೆಚ್ಚಿಬೀಳುತ್ತಾರೆ; ಆಮೇಲೆ ಕಸ ಗುಡಿಸುವ ಮೊದಲು ಎದುರುಬದುರು ಕಿಟಕಿ ತೆಗೆಯುವುದನ್ನು ಕಲಿತುಕೊಳ್ಳುತ್ತಾರೆ. ಬಾಗಿಲ ಮರೆಯಲ್ಲಿ ನಿಂತು ಪರರ ಮಾತು ಕೇಳುವುದು ಇಲ್ಲಿ ಯಾರಿಗೂ ಸಾಧ್ಯವಿಲ್ಲ. ಸಿಟ್ಟಾದವರ ಉಸಿರು ತುಂಡುತುಂಡು, ಮಲಗಿದವರದು ನೂಲಿನಂತೆ ಉದ್ದ. ನನ್ನ ಗಂಡ ಬದುಕಿದ್ದಾಗ ನಿದ್ದೆ ಬಂದಂತೆ ನಟಿಸಿ ಮನೆಗೆಲಸ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಒಂದು ದಿನವೂ ಆಗಲಿಲ್ಲ.

ನನ್ನ ಹೆಸರು ನಂಜಮಣಿ. ಹೂಬತ್ತಿ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಇದ್ದೇನೆ. ಮೊದಲ ಒಂಬತ್ತು ವರ್ಷ ಬತ್ತಿ ಹೊಸೆದೆ, ಆಮೇಲೆ ಹೊಸೆಯುವವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕಾರ್ಖಾನೆ ಎಂದರೆ ಯಂತ್ರಗಳೇನೂ ಇಲ್ಲ. ತಾರಸಿ ಹಾಕಿದ ಉದ್ದನೆಯ ಒಂದು ಕೋಣೆ, ಅದನ್ನೇ ನಾವು ಶೆಡ್ಡು ಅನ್ನುವುದು. ಅದರೊಳಗೆ ಎರಡು ಸಾಲು ಚಾಪೆ, ನಾನೂ ಸೇರಿ ಮೂವತ್ತೆಂಟು ಹೆಂಗಸರು, ಒಬ್ಬೊಬ್ಬರ ಮುಂದೆ ಒಂದು ಬುಟ್ಟಿ ಹತ್ತಿ, ಬೆರಳು ಅದ್ದಿಕೊಳ್ಳಲು ಬಟ್ಟಲಲ್ಲಿ ಒಂದಿಷ್ಟು ಹಾಲು. ಹತ್ತಿಯನ್ನು ಹಿಂಜಿ, ಉಂಡೆ ಮಾಡಿ, ತುದಿಯನ್ನು ಹಾಲಿನ ಬೆರಳಲ್ಲಿ ಹೊಸೆದರೆ ಒಂದು ಬತ್ತಿ. ಕೈ ಪಳಗಿದವರು ದಿನಕ್ಕೆ ನಾಲ್ಕು ಸಾವಿರ ಮಾಡುತ್ತಾರೆ.

ಶೆಡ್ಡಿಗೆ ಎಂಟು ಕಿಟಕಿ. ಎಂಟಕ್ಕೂ ಹಲಗೆ ಬಡಿದು ಮೊಳೆ ಹೊಡೆದಿತ್ತು. ಈಗಿನ ಯಜಮಾನರು ಬದರೀನಾಥರು. ಅವರ ತಂದೆಯ ಕಾಲದಲ್ಲಿ ಒಂದು ಸಲ ಕಾರ್ತಿಕ ಮಾಸದ ಹಿಂದಿನ ದಿನ ಜೋರು ಗಾಳಿ ಬೀಸಿ, ವಾರದ ಕೆಲಸವೆಲ್ಲ ಹಾರಿ ಬೀದಿ ಪಾಲಾಯಿತಂತೆ. ಅವತ್ತು ಹೊಡೆದ ಮೊಳೆ. ಕಿಟಕಿ ತೆಗೆಯೋಣವೇ ಎಂದು ಯಾರು ಕೇಳಿದರೂ, "ಹತ್ತಿ ಹಾರುತ್ತೆ" ಎಂಬ ಒಂದೇ ಉತ್ತರ. ನಾನು ಕೂಡ ಹೊಸಬರಿಗೆ ಅದನ್ನೇ ಹೇಳುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂತರೆ ಹನ್ನೊಂದರ ಹೊತ್ತಿಗೆ ನಮ್ಮ ಉಸಿರು ಮಡಿಲು ಮುಟ್ಟುತ್ತಿತ್ತು, ಊಟದ ಹೊತ್ತಿಗೆ ಎದೆ, ಮೂರು ಗಂಟೆಗೆ ಕತ್ತು. ಎದುರು ಸಾಲಿನವಳ ಮುಖ ಮಸುಕಾದಾಗ ಗಂಟೆ ಎಷ್ಟೆಂದು ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಅದರೊಳಗೇ ಹಾಡು, ಜಗಳ, ನಗು ಎಲ್ಲ ಆಗುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡವರಲ್ಲ.

ಬಿಗಿಜ್ವರ ಬರುವವರೆಗೆ.

ಅದು ಮೊದಲು ನದಿಯಾಚೆಯ ಊರಿಗೆ ಬಂತು. ಎರಡು ದಿನ ಮೈ ಬಿಸಿ, ಮೂರನೆಯ ದಿನ ಎದೆಯನ್ನು ಹಗ್ಗ ಹಾಕಿ ಬಿಗಿದ ಹಾಗೆ. ಒಬ್ಬರ ಉಸಿರಿನಿಂದ ಇನ್ನೊಬ್ಬರಿಗೆ ಹತ್ತುತ್ತದೆ ಎಂದು ಡಾಕ್ಟರರು ಹೇಳಿದ ದಿನ ನಮ್ಮೂರಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ ರೀತಿ ನನಗೆ ಇನ್ನೂ ನೆನಪಿದೆ. ಬೇರೆ ಊರಿನವರಿಗೆ ಕಾಣದ್ದು ನಮಗೆ ಕಾಣುತ್ತಿತ್ತಲ್ಲ. ಆದರೆ ಕಾಯಿಲೆಯವರ ಉಸಿರಿಗೆ ಬೇರೆ ಬಣ್ಣವೇನೂ ಇರಲಿಲ್ಲ. ಎಲ್ಲರದೂ ಅದೇ ಅಕ್ಕಿ ತೊಳೆದ ನೀರು. ಹಾಗಾಗಿ ಯಾರನ್ನೂ ಬೆರಳು ತೋರಿಸಿ ದೂರ ಇಡುವಂತಿಲ್ಲ, ಯಾರ ಹತ್ತಿರವೂ ಧೈರ್ಯವಾಗಿ ನಿಲ್ಲುವಂತಿಲ್ಲ. ಅಂಗಡಿ, ಬಸ್ಸು, ಶಾಲೆ, ಶೆಡ್ಡು ಎಲ್ಲಕ್ಕೂ ಆರು ವಾರ ಬೀಗ ಬಿತ್ತು.

ಬೀಗ ತೆಗೆದಾಗ ಪುರಸಭೆಯ ಆಟೋ ಬೀದಿಬೀದಿ ಸುತ್ತಿತು. ಮೈಕಿನಲ್ಲಿ ಒಬ್ಬ ಕೂಗುತ್ತಿದ್ದ: "ಕೆಲಸ ಮಾಡಿಸೋರು ಕೇಳಿ! ಉಸಿರು ನಿಲ್ಲೋ ಜಾಗದಲ್ಲಿ ಯಾರನ್ನೂ ಕೂರಿಸಬೇಡಿ! ಹುಷಾರಿಲ್ಲದವರನ್ನ ಕರೀಬೇಡಿ! ನಿಮ್ಮ ಜನ ನಿಮ್ಮ ಹೊಣೆ!" ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಸಿದ್ದಗಂಗಮ್ಮ, ನಾನು ಗಂಗಕ್ಕ ಅನ್ನುತ್ತೇನೆ, ತನ್ನ ಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಉಸಿರು ನಿಲ್ಲೋ ಜಾಗ ಅಂದ್ರೆ ಸುಡುಗಾಡು ಕಣೋ, ಸರಿಯಾಗಿ ಕೂಗು" ಎಂದು ಆಟೋದವನಿಗೇ ಹೇಳಿದಳು. ಬೀದಿಯವರೆಲ್ಲ ನಕ್ಕೆವು. ಆರು ವಾರ ಮನೆಯಲ್ಲಿ ಕೂತಿದ್ದವರಿಗೆ ನಗಲು ಏನಾದರೂ ಬೇಕಿತ್ತು.

ದೇವಸ್ಥಾನಗಳು ಇನ್ನೂ ಮುಚ್ಚಿದ್ದವು. ಅದಕ್ಕೇ ಇರಬೇಕು, ಮನೆಮನೆಯಲ್ಲೂ ಜನ ಬೆಳಿಗ್ಗೆ ಸಂಜೆ ದೀಪ ಹಚ್ಚತೊಡಗಿದ್ದರು, ಹೂಬತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ. ಯಜಮಾನರು ಎಲ್ಲರನ್ನೂ ವಾಪಸು ಕರೆಸಿದರು. ಗೇಟಿನ ಹತ್ತಿರ ಒಂದು ಸೋಪು, ಒಂದು ಬಕೆಟ್ ನೀರು ಇಡಿಸಿದರು. ತಲೆಗೊಂದು ಮಾಸ್ಕು ಕೊಟ್ಟರು. ಚಾಪೆಗಳು ಇದ್ದ ಹಾಗೆಯೇ ಇದ್ದವು, ಕಿಟಕಿಗಳೂ ಕೂಡ. ಮಾಸ್ಕಿನಿಂದಾಗಿ ಉಸಿರು ಸ್ವಲ್ಪ ನಿಧಾನವಾಗಿ ಏರಿತು ಅಷ್ಟೇ. ಕತ್ತು ಮುಟ್ಟಲು ಮೂರರ ಬದಲು ನಾಲ್ಕು ಗಂಟೆಯಾಗುತ್ತಿತ್ತು.

ಬದರೀನಾಥರು ಕೆಟ್ಟ ಮನುಷ್ಯರು ಎಂದು ಹೇಳಿದರೆ ನನ್ನ ನಾಲಿಗೆ ಸುಟ್ಟೀತು. ಶುಕ್ರವಾರ ಶುಕ್ರವಾರ ತಮ್ಮ ಮನೆಯಿಂದ ಎಲ್ಲರಿಗೂ ಪುಳಿಯೋಗರೆ ತರಿಸುತ್ತಿದ್ದರು. ಯಾರ ಮನೆಯ ಮದುವೆಯನ್ನೂ ತಪ್ಪಿಸಿದವರಲ್ಲ. ಆದರೆ ಅವರು ಕೂರುತ್ತಿದ್ದದ್ದು ಶೆಡ್ಡಿನ ಮುಂದಿನ ಆಫೀಸಿನಲ್ಲಿ. ಅಲ್ಲಿ ಬೀದಿಗೆ ತೆರೆದ ದೊಡ್ಡ ಕಿಟಕಿಯಿತ್ತು, ತಲೆಯ ಮೇಲೆ ಫ್ಯಾನಿತ್ತು. ಶೆಡ್ಡಿಗೆ ಬರುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ, ಬಾಗಿಲವರೆಗೆ. ದಿನಾ ಅದಕ್ಕೂ ಮುಂಚೆ, ಎಂಟಕ್ಕೆಲ್ಲ ನಾನು ಹೋಗಿ ಬಾಗಿಲು ತೆರೆದು, ಎರಡು ಬೀಸಣಿಗೆ ಹಿಡಿದು, ಹಿಂದಿನ ದಿನದ್ದನ್ನು ಹೊರಗೆ ಅಟ್ಟುತ್ತಿದ್ದೆ. ಅದು ನನ್ನ ಕೆಲಸದ ಒಂದು ಭಾಗ ಎಂದುಕೊಂಡಿದ್ದೆ. ಅವರು ನೋಡುವ ಹೊತ್ತಿಗೆ ಶೆಡ್ಡು ಯಾವತ್ತೂ ತೊಳೆದಿಟ್ಟ ಹಾಗಿರುತ್ತಿತ್ತು.

ಎರಡನೆಯ ವಾರ ಅವರು ನನ್ನನ್ನು ಆಫೀಸಿಗೆ ಕರೆದು ಒಂದು ಕಟ್ಟು ಕಾಗದ ಕೊಟ್ಟರು. ಎಲ್ಲದರಲ್ಲೂ ಒಂದೇ ಒಕ್ಕಣೆ. ಈ ಕೆಳಗೆ ಸಹಿ ಮಾಡಿದ ನಾನು ನನ್ನ ಸ್ವಇಚ್ಛೆಯಿಂದ, ನನ್ನ ಸ್ವಂತ ಜವಾಬ್ದಾರಿಯ ಮೇಲೆ ಕೆಲಸಕ್ಕೆ ಹಾಜರಾಗುತ್ತಿದ್ದೇನೆ, ಕಾಯಿಲೆ ಬಂದಲ್ಲಿ ಕಾರ್ಖಾನೆಯ ಮಾಲೀಕರು ಹೊಣೆಯಲ್ಲ.

"ಇದೇನು ಯಜಮಾನ್ರೇ?" ಎಂದೆ.

"ಏನಿಲ್ಲ ನಂಜಮಣಿ, ಒಂದು ಫಾರ್ಮಾಲಿಟಿ. ವಕೀಲರು ಹೇಳಿದ್ರು, ಎಲ್ಲಾ ಕಡೆ ತಗೋತಿದಾರಂತೆ. ಶನಿವಾರದೊಳಗೆ ಎಲ್ಲರದ್ದೂ ಸೈನ್ ಆಗಿರ್ಲಿ."

ಮೊದಲ ಕಾಗದಕ್ಕೆ ನಾನೇ ಸಹಿ ಹಾಕಿದೆ. ಉಳಿದವರಿಗೆ ಹೇಳುವಾಗ ಬಾಯಿ ಗಟ್ಟಿಯಿರಲಿ ಎಂದು. ಶೆಡ್ಡಿಗೆ ಬಂದು ಓದಿ ಹೇಳಿದೆ. ಒಬ್ಬೊಬ್ಬರಾಗಿ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಗಂಗಕ್ಕನ ಸರದಿ ಬಂದಾಗ ಅವಳು ಹತ್ತಿ ಹಿಂಜುವುದನ್ನು ನಿಲ್ಲಿಸಲಿಲ್ಲ.

"ಮಣಿ, ಇದಕ್ಕೆ ಹೆಬ್ಬೆಟ್ಟು ಹಾಕಿದ್ರೆ ಕಾಯಿಲೆ ಬರಲ್ವಾ?"

"ಹಂಗಲ್ಲ ಗಂಗಕ್ಕ. ಬಂದ್ರೆ ಅವ್ರ ತಪ್ಪಲ್ಲ ಅಂತ."

"ನನ್ನ ಉಸ್ರಿಗೆ ನಾನು ಹೆಬ್ಬೆಟ್ಟು ಹಾಕ್ತೀನಿ, ಬೇಡ ಅನ್ನಲ್ಲ. ಇಲ್ಲಿ ಮೂವತ್ತೇಳು ಜನದ ಉಸ್ರು ಕುಡೀತಾ ಕೂತಿದ್ದೀನಲ್ಲ, ಅದಕ್ಕೆ ಯಾರು ಹಾಕ್ತಾರೆ?"

ನಾನು ಅವಳ ಕಾಗದವನ್ನು ಕಟ್ಟಿನ ಅಡಿಗೆ ಸೇರಿಸಿ ಮುಂದೆ ಹೋದೆ. ಶನಿವಾರ ಯಜಮಾನರಿಗೆ ಕೊಡುವಾಗ ಮೂವತ್ತೇಳು ಸಹಿ ಇತ್ತು. ಅವರು ಎಣಿಸಲಿಲ್ಲ.

ಮುಂದಿನ ಮಂಗಳವಾರದ್ದು ನನಗೆ ಹೇಳಿಕೊಳ್ಳಲು ಕಷ್ಟವಾದ ಭಾಗ. ಎರಡನೆಯ ಸಾಲಿನ ಕೊನೆಯಲ್ಲಿ ಹೊನ್ನಮ್ಮ ಕೂರುತ್ತಿದ್ದಳು. ಅವಳ ಗಂಡ ಮಾದಯ್ಯನಿಗೆ ಗಾರೆ ಕೆಲಸ, ಎರಡು ತಿಂಗಳಿಂದ ಎಲ್ಲೂ ಕಟ್ಟಡವೇ ಏಳುತ್ತಿರಲಿಲ್ಲ. ಮನೆಯಲ್ಲಿ ದುಡಿಯುತ್ತಿದ್ದವಳು ಅವಳೊಬ್ಬಳೇ. ಹನ್ನೊಂದು ಗಂಟೆಗೆ ನಾನು ಸಾಲಿನುದ್ದಕ್ಕೂ ನಡೆದುಕೊಂಡು ಹೋಗುವಾಗ ಅವಳು ಗೋಡೆಯ ಕಡೆ ತಿರುಗಿ ಕೂತಿದ್ದಳು. ಮಾಸ್ಕಿನ ಅಂಚಿನಿಂದ ಹೊರಬರುತ್ತಿದ್ದ ಉಸಿರು ಸಣ್ಣ ಸಣ್ಣ ತುಣುಕು, ಒಂದರ ಹಿಂದೆ ಒಂದು. ಇಪ್ಪತ್ತೊಂದು ವರ್ಷ ಜನರ ಉಸಿರು ನೋಡಿಕೊಂಡು ಬಂದವಳು ನಾನು. ಜ್ವರದ ಉಸಿರು ನನಗೆ ಗೊತ್ತಾಗದೆ ಇರುತ್ತದೆಯೇ? ಹೇಳಿದರೆ ಅವಳು ಮನೆಗೆ ಹೋಗಬೇಕು, ಹೋದ ದಿನಕ್ಕೆ ಕೂಲಿ ಇಲ್ಲ, ವಾಪಸು ಬರುವಾಗ ಚಾಪೆಯಲ್ಲಿ ಇನ್ನೊಬ್ಬಳು ಕೂತಿರಬಹುದು. ನಾನು ಕಾಣದವಳಂತೆ ಮುಂದಕ್ಕೆ ಹೋದೆ. ಅವಳ ಮೇಲಿನ ಮರುಕದಿಂದ ಹಾಗೆ ಮಾಡಿದೆ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ.

ಗುರುವಾರ ಮಧ್ಯಾಹ್ನ ಹೊನ್ನಮ್ಮ ಎದ್ದು ನಿಲ್ಲಲು ಹೋಗಿ ಹಾಲಿನ ಬಟ್ಟಲ ಮೇಲೆ ಬಿದ್ದಳು. ಹಿಡಿದು ಎತ್ತಿದರೆ ಮೈ ಕಾದ ಹೆಂಚು. ಅವಳ ಪಕ್ಕದ ಮುಬೀನಾ, ಇಡೀ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಹುಡುಗಿ, ಆಗ ಅಳುತ್ತಾ, "ಅಕ್ಕಾ, ನಂಗೂ ನಿನ್ನೆಯಿಂದ ಜ್ವರ" ಎಂದಳು. ಇನ್ನೂ ಆರು ಜನ ಕೈಯೆತ್ತಿದರು. ಎಲ್ಲರೂ ಜ್ವರದ ಮಾತ್ರೆ ನುಂಗಿ ಬಂದವರು. ಆಂಬುಲೆನ್ಸ್ ಬಂದು ಎಂಟು ಜನರನ್ನೂ ಕರೆದೊಯ್ದಿತು. ಯಜಮಾನರು ಉಳಿದವರನ್ನು ಮನೆಗೆ ಕಳಿಸಿ, ಶೆಡ್ಡಿನ ಬಾಗಿಲಿಗೆ ತಾವೇ ಬೀಗ ಜಡಿದರು.

ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹಿಂದುಗಡೆ ಬೇವಿನ ಮರದ ಕೆಳಗೆ ಒಂದು ಬಯಲಿತ್ತು, ವಾರ್ಡಿನ ಗಾಳಿಕಿಂಡಿಗಳು ಆ ಕಡೆಗಿದ್ದವು. ಒಂದೊಂದು ಮಂಚದ ಮೇಲೆ ಒಂದೊಂದು ಕಿಂಡಿ. ಒಳಗಿನವರ ಉಸಿರು ಅದರಿಂದ ಹೊರಬರುತ್ತಿತ್ತು. ನಮ್ಮೂರಿನವರು ಬೆಳಗಿನಿಂದ ಸಂಜೆವರೆಗೆ ಅಲ್ಲಿ ಕತ್ತೆತ್ತಿ ನಿಲ್ಲುತ್ತಿದ್ದರು, ಒಬ್ಬರಿಂದ ಒಬ್ಬರಿಗೆ ನಾಲ್ಕು ಮಾರು ದೂರ. ಮೂರನೆಯದು ಹೊನ್ನಮ್ಮನ ಕಿಂಡಿ ಎಂದು ನರ್ಸೊಬ್ಬಳು ಹೇಳಿದ್ದಳು. ಮಾದಯ್ಯ ಅದರಿಂದ ಕಣ್ಣು ಕೀಳುತ್ತಿರಲಿಲ್ಲ. ಶುಕ್ರವಾರ ನಾನು ಹೋದಾಗ ಅಲ್ಲಿಂದ ಬರುತ್ತಿದ್ದದ್ದು ಸೂಜಿಗೆ ಪೋಣಿಸುವ ದಾರದಷ್ಟು. ಬರುತ್ತಿತ್ತು, ತಡೆಯುತ್ತಿತ್ತು. ತಡೆದಾಗಲೆಲ್ಲ ಮಾದಯ್ಯ ತನ್ನ ಉಸಿರನ್ನೂ ಹಿಡಿಯುತ್ತಿದ್ದ. ಮತ್ತೆ ಕಿಂಡಿಯಲ್ಲಿ ಬಿಳಿ ಕಂಡರೆ ಮಾತ್ರ ಅವನ ಮೂಗಿನಿಂದಲೂ ಬರುತ್ತಿತ್ತು.

"ಮಂಗಳವಾರವೇ ಬೇಡ ಅಂದೆ ಕಣಕ್ಕ," ಎಂದ ನನ್ನ ಕಡೆ ನೋಡದೆ. "ನಂಜಮಣಿಯಕ್ಕ ನೋಡಿದ್ರೆ ಕಳಿಸ್ತಾರೆ, ಅಲ್ಲಿವರ್ಗೂ ಇರ್ತೀನಿ ಅಂದ್ಲು."

ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಯಜಮಾನರು ಹೇಳಿಕಳಿಸಿದರು. ಶೆಡ್ಡಿನಲ್ಲಿ ಕಟ್ಟಿಟ್ಟ ಹನ್ನೆರಡು ಮೂಟೆ ಬತ್ತಿ ಸಾಗಿಸಬೇಕಿತ್ತು, ಯಾವ ಮೂಟೆ ಯಾವ ಊರಿಗೆ ಎಂದು ನನಗೆ ಮಾತ್ರ ಗೊತ್ತು. ಹೋದೆ. ಆಫೀಸಿನ ಮುಂದೆ ಅವರು ಕಾಯುತ್ತಿದ್ದರು. ನಿದ್ದೆಗೆಟ್ಟ ಮುಖ.

"ಎಂಟು ಜನ," ಎಂದರು. "ಹೊನ್ನಮ್ಮ ಮನೆಯಿಂದ ತಂದಿರ್ತಾಳೆ. ನಾನೇನು ಮಾಡಕ್ಕಾಗುತ್ತೆ ಹೇಳಿ? ಕಾಯಿಲೆ ನಾನು ತಂದು ಹಾಕಿದ್ನಾ? ಸೈನ್ ಮಾಡಿಸ್ಕೊಂಡೇ ಅಲ್ವಾ ಕೂರಿಸಿದ್ದು?"

ಅವತ್ತಿನವರೆಗೆ ನಾನು ಅವರಿಗೆ ಎದುರಾಡಿದವಳಲ್ಲ. ಆ ದಿನವೂ ಬಾಯಿ ತೆಗೆಯುವ ಧೈರ್ಯ ಇರಲಿಲ್ಲ. ಬೀಗದ ಕೈ ಇಸಿದುಕೊಂಡು ಬಾಗಿಲು ತೆರೆದೆ. ಬೀಸಣಿಗೆಗೆ ಕೈ ಹಾಕಿದವಳು ಹಾಗೆಯೇ ಬಿಟ್ಟೆ. ಪಕ್ಕಕ್ಕೆ ಸರಿದು, "ನೋಡಿ ಯಜಮಾನ್ರೇ" ಎಂದೆ.

ಒಳಗೆ ಗುರುವಾರದ ಉಸಿರು ಹಾಗೆಯೇ ಇತ್ತು. ಗೋಡೆಯಿಂದ ಗೋಡೆಗೆ, ಸೊಂಟದೆತ್ತರ, ಕೆರೆಯ ನೀರು ತುಂಬಿ ನಿಂತಂತೆ. ಅಲುಗಾಟವಿಲ್ಲ. ಮೂರು ರಾತ್ರಿ ಎರಡು ಹಗಲು ಕಳೆದಿದ್ದರೂ ಒಂದು ಎಳೆ ಕಡಿಮೆಯಾಗಿರಲಿಲ್ಲ. ಒಬ್ಬೊಬ್ಬರು ಕೂತಿದ್ದ ಜಾಗದ ಮೇಲೆ ಸ್ವಲ್ಪ ಉಬ್ಬಿತ್ತು, ಸಾಲಾಗಿ, ಎರಡು ಸಾಲು. ಗಂಗಕ್ಕನದು, ಮುಬೀನಾಳದು, ಕೊನೆಯಲ್ಲಿ ಗೋಡೆಗೆ ಆತುಕೊಂಡದ್ದು ಹೊನ್ನಮ್ಮನದು. ಆದರೆ ಅವುಗಳ ನಡುವೆ ಗೆರೆಯಿರಲಿಲ್ಲ. ಎಲ್ಲ ಒಂದರೊಳಗೊಂದು ಸೇರಿಹೋಗಿತ್ತು.

ಯಜಮಾನರು ಹೊಸ್ತಿಲಲ್ಲೇ ನಿಂತರು.

"ಇದು ಯಾವತ್ತಿಂದು?"

"ಗುರುವಾರದ್ದು."

"ರಾತ್ರಿ ಹೋಗಿರುತ್ತಲ್ಲ? ನಾನು ದಿನಾ ಬೆಳಿಗ್ಗೆ ನೋಡ್ತೀನಲ್ಲ?"

"ನೀವು ನೋಡೋಕೆ ಮುಂಚೆ ನಾನು ಬೀಸಿ ಓಡಿಸಿರ್ತೀನಿ. ಹನ್ನೆರಡು ವರ್ಷದಿಂದ."

ಅವರು ನನ್ನ ಕಡೆ ತಿರುಗಿದರು. ಆಮೇಲಿನ ಮಾತು ಎಲ್ಲಿಂದ ಬಂತೋ, ನನಗೆ ತಿಳಿಯದು. "ಹೊನ್ನಮ್ಮ ಅಲ್ಲಿ ಒಂದು ದಾರದಷ್ಟು ಉಸ್ರಿಗೆ ಒದ್ದಾಡ್ತಾ ಇದ್ದಾಳೆ ಯಜಮಾನ್ರೇ. ಅವಳದ್ದು ಇಲ್ಲಿ ಸೊಂಟದುದ್ದ ಬಿದ್ದಿದೆ. ಕಾಯಿಲೆ ನೀವು ತಂದಿಲ್ಲ, ನಿಜ. ಕಿಟಕಿಗೆ ಮೊಳೆ ಹೊಡೆದಿರೋದು ನಿಮ್ಮನೆಯವ್ರು. ಜ್ವರ ಬಂದೋಳು ಜ್ವರ ಅಂತ ಬಾಯಿಬಿಟ್ಟು ಹೇಳಕ್ಕೆ ಹೆದರೋ ಹಂಗೆ ಮಾಡಿದ್ದು ನಾವಿಬ್ರು. ಮಂಗಳವಾರವೇ ನಂಗೆ ಗೊತ್ತಿತ್ತು. ನೋಡಿಯೂ ನೋಡದ ಹಂಗೆ ಹೋದೆ."

ಕೆಲಸ ಹೋಯಿತು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅನ್ನಿಸಿತು.

ಅವರು ಬಹಳ ಹೊತ್ತು ಒಳಗೇ ನೋಡುತ್ತ ನಿಂತಿದ್ದರು. ಅವರ ಉಸಿರು ತುಂಡುತುಂಡಾಗಿ ಹೊಸ್ತಿಲು ದಾಟಿ ಒಳಗಿನದರ ಜೊತೆ ಸೇರುತ್ತಿತ್ತು. ಅವರೂ ಅದನ್ನು ಗಮನಿಸಿದರು, ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಆಫೀಸಿಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ಹಾರೆಕೋಲಿತ್ತು, ಮೂಗಿಗೆ ಎರಡು ಸುತ್ತು ಟವೆಲು ಕಟ್ಟಿಕೊಂಡಿದ್ದರು. ಒಳಗೆ ಕಾಲಿಡಲಿಲ್ಲ, ಹೊರಗಿನಿಂದ ಗೋಡೆ ಸುತ್ತಿ ಹೋಗಿ ಮೊದಲ ಕಿಟಕಿಯ ಹಲಗೆಗೆ ಹಾರೆ ಕೊಟ್ಟು ಮೀಟಿದರು. ಐವತ್ತೆರಡು ವರ್ಷದ ಮನುಷ್ಯ, ಲೆಕ್ಕ ಬರೆಯುವ ಕೈ. ಮೊಳೆ ಕಿರುಗುಟ್ಟಿತು, ಬರಲಿಲ್ಲ. ನಾನೂ ಹೋಗಿ ಹಾರೆಯ ತುದಿ ಹಿಡಿದೆ. ಮೂರನೆಯ ಎಳೆತಕ್ಕೆ ಹಲಗೆ ಕಿತ್ತುಬಂತು.

ಎಂಟು ಕಿಟಕಿ ತೆಗೆಯುವ ಹೊತ್ತಿಗೆ ಹನ್ನೊಂದು ಗಂಟೆ. ಬೀದಿಯಲ್ಲಿ ನಿಂತು ನೋಡುತ್ತಿದ್ದವರಿಗೆ ದೂರ ಹೋಗಿ ಎಂದು ಯಜಮಾನರೇ ಕೂಗಿದರು. ಪಡುವಲ ಗಾಳಿ ಒಂದು ಕಡೆಯಿಂದ ನುಗ್ಗಿತು. ಒಳಗಿನದು ಮೊದಲು ಸ್ವಲ್ಪ ಮಿಸುಕಾಡಿತು, ಆಮೇಲೆ ಮೂಡಣ ಕಿಟಕಿಗಳಿಂದ ದಪ್ಪಗೆ ಹೊರಟು, ಹಿತ್ತಲಿನ ಖಾಲಿ ಜಾಗದ ಮೇಲೆ ಏರಿ, ಬಿಸಿಲಿನಲ್ಲಿ ತೆಳುವಾಗಿ ಹೋಯಿತು. ಜೊತೆಗೆ ಹತ್ತಿಯೂ ಹಾರಿತು. ಬುಟ್ಟಿಗಳಲ್ಲಿದ್ದದ್ದೆಲ್ಲ ಎದ್ದು ಬೀದಿಯ ತುಂಬ, ವಿದ್ಯುತ್ ತಂತಿಯ ಮೇಲೆ, ಯಜಮಾನರ ತಲೆಯ ಮೇಲೆ ಕೂತಿತು. ಅವರು ಹಾರೆ ಕೆಳಗಿಟ್ಟು ತಲೆ ಒರೆಸಿಕೊಂಡರು. "ಹಾರ್ಲಿ ಬಿಡಿ" ಎಂದರು.

ಮರುದಿನ ಹುಷಾರಾಗಿದ್ದ ಹೆಂಗಸರನ್ನು ಹಿತ್ತಲಿಗೆ ಕರೆಸಿದರು. ದೂರದೂರ ನಿಂತುಕೊಂಡೆವು. ಯಜಮಾನರು ಮಾತು ಆರಂಭಿಸಿ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮಿಗೆ ಹತ್ತು ಜನ ಹಿಂದೆ ಸರಿದರು. ಅವರ ಮುಖ ಕೆಂಪಾಯಿತು.

"ಕಾಯಿಲೆ ಬಿದ್ದಿರೋ ಎಂಟೂ ಜನದ ಆಸ್ಪತ್ರೆ ಖರ್ಚು ನಂದು," ಎಂದರು. "ಅವ್ರು ಬರೋವರ್ಗೂ ಕೂಲಿ ಮನೆಗೆ ತಲುಪುತ್ತೆ. ಕಿಟಕಿ ಇನ್ನು ಮುಚ್ಚಲ್ಲ. ಬೇರೆ ಏನು ಮಾಡ್ಬೇಕು ನೀವು ಹೇಳಿ. ನಂಗೆ ಒಳಗೆ ಕೂತು ಗೊತ್ತಿಲ್ಲ."

ಅವರು ಕೇಳಿದ್ದೇ ತಡ, ಇಷ್ಟು ವರ್ಷ ನಮ್ಮ ಬಾಯಲ್ಲಿದ್ದದ್ದೆಲ್ಲ ಹೊರಬಂತು. ಒಬ್ಬಳು ಕಿಟಕಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿದರೆ ಹತ್ತಿ ಹಾರಿದರೂ ಹೊರಗೆ ಹೋಗುವುದಿಲ್ಲ ಎಂದಳು. ಇನ್ನೊಬ್ಬಳು ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಬೇಕಾದಷ್ಟೇ ಎಳೆದುಕೊಳ್ಳಬಹುದು ಎಂದಳು. ಅರ್ಧ ಜನ ಬೆಳಿಗ್ಗೆ, ಅರ್ಧ ಜನ ಮಧ್ಯಾಹ್ನ. ಮೈ ಸರಿಯಿಲ್ಲದವಳಿಗೆ ರಜೆ, ಕೂಲಿ ಸಮೇತ. ಈ ಕೊನೆಯ ಮಾತು ಯಜಮಾನರಿಗೆ ಹಿಡಿಸಲಿಲ್ಲ. "ಅದೇನಾದ್ರೂ ಶುರುವಾದ್ರೆ ದಿನಾ ಹತ್ತು ಜನಕ್ಕೆ ಜ್ವರ ಬರುತ್ತಲ್ವಾ?" ಎಂದರು.

ಗಂಗಕ್ಕ ಮುಂದೆ ಬಂದಳು. "ಜ್ವರ ಬಂದ್ರೂ ಬಂದಿಲ್ಲ ಅಂತ ಸುಳ್ಳು ಹೇಳಿದ್ವಿ ಯಜಮಾನ್ರೇ, ಅದರ ಫಲ ನೋಡಿದ್ರಿ. ಬರ್ದೇ ಬಂತು ಅನ್ನೋ ಸುಳ್ಳೂ ಒಂದೆರಡು ಕೇಳಿ. ಅದ್ರಿಂದ ಯಾರೂ ಸಾಯಲ್ಲ."

ಹೆಂಗಸರು ನಕ್ಕರು. ಯಜಮಾನರಿಗೂ ನಗು ತಡೆಯಲಾಗಲಿಲ್ಲ. "ಆಯ್ತು" ಎಂದರು. ಸಹಿ ಹಾಕಿಸಿದ್ದ ಕಾಗದದ ಕಟ್ಟನ್ನು ತರಲು ನನ್ನನ್ನೇ ಕಳಿಸಿದರು. ಅದನ್ನು ಒಬ್ಬೊಬ್ಬರ ಹೆಸರು ಕರೆದು ವಾಪಸು ಕೊಟ್ಟೆವು. ಹೊನ್ನಮ್ಮನದನ್ನು ನಾನು ಇಟ್ಟುಕೊಂಡೆ.

ಆಸ್ಪತ್ರೆಯಲ್ಲಿ ಏಳು ಜನ ಒಂದು ವಾರದೊಳಗೆ ಎದ್ದು ಕೂತರು. ಹೊನ್ನಮ್ಮ ಏಳಲಿಲ್ಲ. ಪ್ರತಿ ಸಂಜೆ ನಾಲ್ಕರ ಹೊತ್ತಿಗೆ ನಾನು ಬೇವಿನ ಮರದ ಕೆಳಗೆ ಹೋಗುತ್ತಿದ್ದೆ. ಮಾದಯ್ಯ ಅದೇ ಜಾಗದಲ್ಲಿ. ಒಂದು ದಿನ ನೋಡಿದರೆ ಯಜಮಾನರೂ ಬಂದು ನಿಂತಿದ್ದಾರೆ, ಚಪ್ಪಲಿ ಬಿಟ್ಟು, ಯಾವುದೋ ಗುಡಿಯ ಮುಂದೆ ನಿಂತವರ ಹಾಗೆ. ನಾವು ಮೂವರೂ ಮೂರನೆಯ ಕಿಂಡಿಯನ್ನೇ ನೋಡುತ್ತಿದ್ದೆವು. ದಾರ ಬಂತು, ತಡೆಯಿತು. ಮತ್ತೆ ಬಂತು. ತಡೆದದ್ದು ಈ ಸಲ ಬಹಳ ಹೊತ್ತಾಯಿತು. ನರ್ಸೊಬ್ಬಳು ಒಳಗೆ ಓಡಿದ್ದು ಕಾಣಿಸಿತು. ಮಾದಯ್ಯ ಕುಸಿದು ಕೂತ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಗ ಕಿಂಡಿಯಿಂದ ಒಂದು ಬಂತು, ಅಗಲವಾಗಿ, ಅವಸರವಿಲ್ಲದೆ. ಕೊನೆ ಎಲ್ಲಿ ಎಂದು ಕಾಯುತ್ತಿದ್ದರೆ ಕೊನೆಯೇ ಕಾಣದಷ್ಟು ಉದ್ದ. ಅದರ ಹಿಂದೆ ಇನ್ನೊಂದು. ನರ್ಸು ಕೆಳಗಿನ ಬಾಗಿಲಿಗೆ ಬಂದು, "ನಿದ್ದೆ ಮಾಡ್ತಿದಾರೆ, ಹತ್ತು ದಿನದಿಂದ ಇದೇ ಮೊದಲನೇ ಒಳ್ಳೇ ನಿದ್ದೆ" ಎಂದಳು.

ಮಾದಯ್ಯ ನೆಲದ ಮೇಲೆ ಕೂತು ಜೋರಾಗಿ ಅತ್ತ. ಯಜಮಾನರು ಮರದ ಕಡೆ ತಿರುಗಿ ನಿಂತರು. ಅವರ ಬೆನ್ನಿನಾಚೆ ಉಸಿರು ಗೊಂಚಲು ಗೊಂಚಲಾಗಿ ಏಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನಗಂತೂ ಎದೆಯ ಮೇಲಿಂದ ಯಾರೋ ರುಬ್ಬುವ ಕಲ್ಲು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

ಇಪ್ಪತ್ತು ದಿನದ ಮೇಲೆ ಅವಳನ್ನು ಮನೆಗೆ ಬಿಟ್ಟರು. ನೋಡಲು ಹೋದೆ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಳು, ಸೊರಗಿ ಅರ್ಧವಾಗಿದ್ದಳು. ದೂರ ಕೂತು ಹೇಳಿದೆ: ಮಂಗಳವಾರ ನಾನು ನೋಡಿದ್ದೆ, ಸುಮ್ಮನೆ ಹೋದೆ, ನಿನ್ನ ಈ ಅವಸ್ಥೆಗೆ ನಾನೂ ಕಾರಣ ಎಂದು.

"ನೀವು ನೋಡಿದ್ದು ನಾನೂ ನೋಡಿದೆ ಕಣಕ್ಕ," ಎಂದಳು. "ಸದ್ಯ ಕಳಿಸ್ಲಿಲ್ಲ ಅಂತ ಸಮಾಧಾನ ಆಯ್ತು ನಂಗೆ. ಆಮೇಲೆ ಆಸ್ಪತ್ರೇಲಿ ಮಲಗಿರೋವಾಗ ನಿಮ್ಮ ಮೇಲೆ ಬಾಳ ಸಿಟ್ಟು ಬಂತು. ಯಾಕೆ ಕಳಿಸ್ಲಿಲ್ಲ ಇವ್ಳು ಅಂತ." ಸುಧಾರಿಸಿಕೊಂಡು ಮುಂದುವರಿಸಿದಳು. "ಇನ್ನೊಂದ್ಸಲ ಹಂಗಾದ್ರೆ ಕಳಿಸಿಬಿಡಿ. ನಾನು ಕಾಲು ಹಿಡ್ಕೊಂಡ್ರೂ ಕಳಿಸಿ."

ಕ್ಷಮಿಸಿದೆ ಎನ್ನುವ ಮಾತು ಅವಳು ಆಡಲಿಲ್ಲ, ನಾನೂ ಕೇಳಲಿಲ್ಲ. ಅವಳ ಕಾಗದವನ್ನು ಕೈಗೆ ಕೊಟ್ಟೆ. ಅದನ್ನು ಮಡಚಿ ಒಲೆಯ ಹತ್ತಿರ ಇಟ್ಟಳು, ಉರಿ ಹೊತ್ತಿಸಲು ಆಗುತ್ತದೆ ಎಂದು. ಹೊರಡುವಾಗ ಕಾಫಿ ಕುಡಿದು ಹೋಗಿ ಎಂದಳು. ಕುಡಿದೆ.

ಶೆಡ್ಡು ಮತ್ತೆ ಶುರುವಾಗಿ ಈಗ ನಾಲ್ಕು ತಿಂಗಳು. ಚಾಪೆಗಳ ನಡುವೆ ಎರಡು ಮಾರು ಜಾಗವಿದೆ. ಪರದೆ ಬಟ್ಟೆಯ ತುಂಬ ಹತ್ತಿ ಮೆತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಬಿಡಿಸಿ ಒಗೆಯಬೇಕು, ಆ ಗೊಣಗಾಟ ಇದ್ದೇ ಇದೆ. ಗಾಳಿ ಜೋರಾದ ದಿನ ಬತ್ತಿ ಕಡಿಮೆಯಾಗುತ್ತದೆ, ಯಜಮಾನರು ಲೊಚಗುಟ್ಟುತ್ತಾರೆ, ಆದರೆ ಕಿಟಕಿಯ ಸುದ್ದಿ ಎತ್ತುವುದಿಲ್ಲ. ಈಗ ಅವರು ದಿನಾ ಮಧ್ಯಾಹ್ನ ಮೂರು ಗಂಟೆಗೆ ಬಂದು ಒಳಗೆ ಒಂದು ಸುತ್ತು ಹಾಕಿ, ನೆಲದ ಹತ್ತಿರ ಬಗ್ಗಿ ನೋಡಿ ಹೋಗುತ್ತಾರೆ. ಹೊನ್ನಮ್ಮ ಕಳೆದ ತಿಂಗಳು ಬಂದಳು. ಬೇಗ ದಣಿಯುತ್ತಾಳೆ. ಅವಳಿಗೆಂದು ಬಾಗಿಲ ಬಳಿ ಒರಗು ಕುರ್ಚಿ ಹಾಕಿದ್ದೇವೆ.

ನಿನ್ನೆ ಹನ್ನೊಂದು ಗಂಟೆಯಾಗಿತ್ತು. ನಾನು ಸಾಲಿನ ಆ ತುದಿಯಲ್ಲಿ ಬತ್ತಿ ಎಣಿಸುತ್ತಿದ್ದೆ. ಮುಬೀನಾ ಎದ್ದು ನಿಂತಳು. ಮಾತಾಡಲು ನಾಲ್ಕು ಸಲ ಯೋಚಿಸುವ ಆ ಹುಡುಗಿ, ಅಲ್ಲಿಂದಲೇ, ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿದಳು:

"ಮಣಿಯಕ್ಕಾ, ನಂಗ್ಯಾಕೋ ಮೈ ಬೆಚ್ಚಗಿದೆ. ಮನೆಗೆ ಹೋಗ್ತೀನಿ."

ಯಾರೂ ತಿರುಗಿ ನೋಡಲಿಲ್ಲ. ಹಿಂಜುವ ಕೈಗಳು ಹಿಂಜುತ್ತಲೇ ಇದ್ದವು. ಗಂಗಕ್ಕ ತಲೆ ತಗ್ಗಿಸಿಕೊಂಡೇ, "ಹೋಗಿ ಬಿಸಿ ಗಂಜಿ ಕುಡಿದು ಮಲ್ಕೋ" ಎಂದಳು. ಮುಬೀನಾ ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಊಟದ ಡಬ್ಬಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇಡೀ ದಿನದ ಕೂಲಿಯ ಗುರುತು ಹಾಕಿ, ಎಣಿಕೆ ತಪ್ಪಿದ್ದರಿಂದ ಮತ್ತೆ ಒಂದರಿಂದ ಶುರುಮಾಡಿದೆ.